ಮಡಿಕೆಯೊಳಗೆ ಹೋದ ಚುಕ್ಕೆ

ಗುದನಾಳದ ಗಡ್ಡೆ ತೆಗೆದ ಮೇಲೆ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಬದಿಯಿಂದ ಹೊರಗೆ ತಂದು ಹೊಲಿಯುತ್ತಾರೆ. ಆಮೇಲೆ ಮಲ ಬೀಳುವುದು ಅಲ್ಲಿ ಅಂಟಿಸಿದ ಚೀಲಕ್ಕೆ. ಆ ಜಾಗವನ್ನು ಆಪರೇಷನ್ನಿನ ಹಿಂದಿನ ದಿನವೇ ಪೆನ್ನಿನಿಂದ ಗುರುತು ಮಾಡುವುದು ನರ್ಸ್ ಆದ ನನ್ನ ಕೆಲಸ. ರೋಗಿಯನ್ನು ಕೂರಿಸಿ, ಬಗ್ಗಿಸಿ ನೋಡಬೇಕು. ಮಲಗಿದಾಗ ಸಪಾಟಾಗಿ ಕಾಣುವ ಹೊಟ್ಟೆ ಕೂತಾಗ ಮಡಿಕೆ ಬೀಳುತ್ತದೆ. ಮಡಿಕೆಯಲ್ಲಿ ಚೀಲ ನಿಲ್ಲುವುದಿಲ್ಲ; ಅಂಟು ಬಿಟ್ಟು ಸೋರುತ್ತದೆ.

ನನ್ನ ಅಮ್ಮನನ್ನು ಯಾರೂ ಕೂರಿಸಿ ನೋಡಿರಲಿಲ್ಲ. "ಅದೆಲ್ಲ ನರ್ಸಮ್ಮಂದಿರ ಚಿತ್ರಕಲೆ ಕಣ್ರೀ" ಎಂದು ನಕ್ಕು ಆಪರೇಷನ್ನಿಗೆ ಹೋಗಿದ್ದ ಸರ್ಜನ್ ಇವತ್ತು ಏಳನೇ ಹಾಸಿಗೆಯಲ್ಲಿದ್ದರು; ನಾಳೆ ಅವರಿಗೂ ಅದೇ ಆಪರೇಷನ್. ಅಮ್ಮ ಸಾಯುವ ತನಕ, ಆರು ವರ್ಷ, ಸೋರುತ್ತಲೇ ಬದುಕಿದಳು. ನನ್ನ ತಂಗಿಯ ಮದುವೆಯ ದಿನ ಬಚ್ಚಲಿನ ಚಿಲಕ ತೆಗೆಯಲೇ ಇಲ್ಲ.

"ಕೊಡಮ್ಮ ಇಲ್ಲಿ, ನಾನೇ ಹಾಕ್ಕೋತೀನಿ," ಎಂದು ಸರ್ಜನ್ ಪೆನ್ನಿಗೆ ಕೈ ಚಾಚಿದರು.

ಪೆನ್ನು ಕೊಟ್ಟೆ. ಮಲಗಿದಲ್ಲೇ ಕತ್ತೆತ್ತಿ, ಹೊಕ್ಕುಳಿನ ಎಡಕ್ಕೆ, ಮೂರು ಬೆರಳು ಕೆಳಗೆ ಚುಕ್ಕೆ ಇಟ್ಟರು.

"ಮೂವತ್ತು ವರ್ಷ ಪಳಗಿದ ಕೈ. ಕಣ್ಣು ಮುಚ್ಕೊಂಡ್ರೂ ತಪ್ಪಲ್ಲ."

ಅವರನ್ನು ಕೂರಿಸಿ ನೋಡದೆಯೇ ಪೆನ್ನು ವಾಪಸು ತೆಗೆದುಕೊಂಡೆ. ಅಭ್ಯಾಸವಾಗಲೆಂದು ಹಿಂದಿನ ದಿನ ರೋಗಿಗಳಿಗೆ ನೀರು ತುಂಬಿದ ಚೀಲ ಅಂಟಿಸುತ್ತೇವೆ. ಅವರಿಗೂ ಅಂಟಿಸಿದೆ, ಅವರ ಚುಕ್ಕೆಯ ಮೇಲೆಯೇ. ನಾಲ್ಕು ಗಂಟೆಗೆ ಅವರ ಶಿಷ್ಯರು ನೋಡಲು ಬರುವುದು ನನಗೆ ಗೊತ್ತಿತ್ತು.

ಬಂದರು. ಸರ್ಜನ್ ಎದ್ದು ಕೂತು, ಮುಂದಕ್ಕೆ ಬಾಗಿ ಯಾರದೋ ಕಾಲೆಳೆಯತೊಡಗಿದರು. ಮಾತು ಅರ್ಧಕ್ಕೇ ನಿಂತಿತು. ಪೈಜಾಮದ ಮೇಲೆ ಒದ್ದೆ ಹರಡುತ್ತಿತ್ತು.

"ಬರೀ ನೀರು ಕಣ್ರಪ್ಪ," ಎಂದರು. "ನೀರೇ."

ಶಿಷ್ಯರಲ್ಲಿ ಒಬ್ಬಳು ಕಿಟಕಿಯ ಕಡೆ ತಿರುಗಿದಳು.

ಅವರೆಲ್ಲ ಹೋದ ಮೇಲೆ, "ತೆಗಿಯಮ್ಮ ಇದನ್ನ," ಎಂದರು.

"ಇನ್ನೊಂಚೂರು ಇರಲಿ ಸಾರ್. ಅಭ್ಯಾಸ ಆಗ್ಬೇಕಲ್ಲ."

"ಹಿಂಗಾಗುತ್ತೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನಮ್ಮಮ್ಮಂಗೂ ನೀವು ಇದೇ ಜಾಗದಲ್ಲೇ ಇಟ್ಟಿದ್ದು."

ನನ್ನ ಮುಖವನ್ನೇ ನೋಡಿದರು. ಯಾವ ಅಮ್ಮ ಎಂದು ಅವರಿಗೆ ನೆನಪಾಗಲಿಲ್ಲ. ಅಮ್ಮನ ಚೀಲ ಸೋರಿದ್ದಕ್ಕಿಂತ ಅದೇ ನನ್ನ ಹೊಟ್ಟೆ ಉರಿಸಿತು.

ಒಂದು ಗಂಟೆ ಒದ್ದೆಯಲ್ಲೇ ಕೂರಿಸಿದೆ. ಆಮೇಲೆ ಚುಕ್ಕೆ ಒರೆಸಿ, ಮಡಿಕೆಗಿಂತ ಮೇಲೆ, ಅವರ ಕಣ್ಣಿಗೂ ಕೈಗೂ ಸಿಗುವಲ್ಲಿ ಹೊಸ ಗುರುತು ಹಾಕಿದೆ. ಹಾಕುವಾಗ ಪೆನ್ನು ಎರಡು ಸಲ ಕೆಳಗೇ ಜಾರಲು ನೋಡಿತು.

"ಥ್ಯಾಂಕ್ಸ್ ಅಮ್ಮ," ಎಂದರು ಮೆಲ್ಲಗೆ.

ಪೆನ್ನು ಮುಚ್ಚಿ ಎಂಟನೇ ಹಾಸಿಗೆಗೆ ಹೋದೆ. ಒಂದು ಗಂಟೆ ಸಾಲದು ಅನ್ನಿಸುತ್ತಲೇ ಇತ್ತು.