ಪಕ್ಕಕ್ಕೆ ಕಟ್ಟಿಕೊಳ್ಳಲು ಕೇಳಿದವಳು

ಬರ್ಮಿಂಗ್‌ಹ್ಯಾಮ್ ನಡುಪೇಟೆಯ ಕಾಲುವೆಯಲ್ಲಿ ಶನಿವಾರ ಮಧ್ಯಾಹ್ನ ದೋಣಿ ಕಟ್ಟಲು ಜಾಗ ಸಿಗುವುದೆಂದರೆ ಅದೃಷ್ಟವೇ. ಕ್ಲಿಫರ್ಡ್ ಟ್ರಾಂಟರ್‌ಗೆ ಅಂದು ಸಿಕ್ಕಿತ್ತು. ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಕೊಂಡ ಉದ್ದನೆಯ ದೋಣಿ. ಬೇಸಿಗೆಯಿಡೀ ಮಂಡಿಯೂರಿ ಅದಕ್ಕೆ ಕಡುಹಸಿರು ಬಣ್ಣ ಬಳಿದಿದ್ದ. ದಂಡೆಯ ಕಬ್ಬಿಣದ ಬಳೆಗೆ ಹಗ್ಗ ಬಿಗಿದು, ತನ್ನ ಕೈಕೆಲಸವನ್ನು ತಾನೇ ಮೆಚ್ಚುತ್ತಾ ನಿಂತಿದ್ದ. ಹೆಂಡತಿ ಗ್ಲೆನಿಸ್ ಒಳಗೆ ಚಹಾಕ್ಕೆ ನೀರಿಟ್ಟಿದ್ದಳು.

ಆಗ ಸೇತುವೆಯಡಿಯಿಂದ ಒಂದು ಹಳೆಯ ದೋಣಿ ಮೆಲ್ಲಗೆ ಬಂತು. ಚುಕ್ಕಾಣಿ ಹಿಡಿದವಳು ಎಪ್ಪತ್ತು ದಾಟಿದ ಮುದುಕಿ, ಒಬ್ಬಳೇ. ಎಂಜಿನ್ ತಗ್ಗಿಸಿ ಕೇಳಿದಳು: "ಏನಪ್ಪಾ, ನಿನ್ನ ಪಕ್ಕಕ್ಕೆ ಕಟ್ಕೊಳ್ಲಾ? ಬೆಳಗ್ಗೆ ನೀನು ಏಳೋದ್ರೊಳಗೆ ಹೋಗಿರ್ತೀನಿ."

ದಂಡೆ ತುಂಬಿದ್ದಾಗ ಒಂದು ದೋಣಿಯ ಮಗ್ಗುಲಿಗೆ ಇನ್ನೊಂದನ್ನು ಕಟ್ಟುವುದು ಕಾಲುವೆಯವರ ವಾಡಿಕೆ. ಕ್ಲಿಫರ್ಡ್ ಅವಳ ದೋಣಿಯ ತುಕ್ಕು ಹಿಡಿದ ಅಂಚನ್ನು ನೋಡಿದ.

"ಹೊಸ ಬಣ್ಣ ಅಮ್ಮಾ, ಇನ್ನೂ ಒಣಗಿಲ್ಲ. ಲಾಕ್‌ಗಳನ್ನ ಇಳಿದ್ರೆ ಆಚೆ ಬೇಕಾದಷ್ಟು ಜಾಗ ಇದೆ."

ಬಣ್ಣ ಒಣಗಿ ತಿಂಗಳಾಗಿತ್ತು. ಅವಳು ತಲೆಯಾಡಿಸಿ ಮುಂದೆ ಹೋದಳು. ಮುಂದೆ ಇದ್ದದ್ದು ಸಾಲಾಗಿ ಹದಿಮೂರು ಲಾಕ್, ಅಂದರೆ ಕಾಲುವೆಯ ನೀರನ್ನು ಹಂತಹಂತವಾಗಿ ತಡೆದಿಡುವ ಬಾಗಿಲುಕಟ್ಟೆಗಳು. ಪ್ರತಿಯೊಂದರಲ್ಲೂ ದಂಡೆಗೆ ಇಳಿದು, ಭಾರದ ಬಾಗಿಲು ತಳ್ಳಿ, ನೀರು ಬಿಟ್ಟು, ದೋಣಿಯನ್ನು ಮೆಟ್ಟಿಲು ಇಳಿಸಿದಂತೆ ಇಳಿಸಬೇಕು. ಅಕ್ಟೋಬರ್ ಕೊನೆ, ಮಳೆ ಹನಿಯುತ್ತಿತ್ತು.

ಗ್ಲೆನಿಸ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲೋಟ ಕೈಗಿಡುತ್ತಾ ಹೇಳಿದ್ದು ಇಷ್ಟೇ: "ನಿಮ್ಮ ದೋಣೀನ ಗಾಜಿನ ಕಪಾಟಲ್ಲಿ ಇಟ್ಕೊಳ್ಳಿ."

ಮರುದಿನ ಬೆಳಿಗ್ಗೆ ಅವರೂ ಅದೇ ಲಾಕ್‌ಗಳನ್ನು ಇಳಿದರು. ಎಂಟನೆಯದರ ಕೆಳಗೆ ಆ ಹಳೆಯ ದೋಣಿಯನ್ನು ಯಾರೋ ಕಂಬಿಗೆ ಓರೆಯಾಗಿ ಕಟ್ಟಿಹಾಕಿದ್ದರು. ನಾಯಿ ಹಿಡಿದು ನಡೆಯುತ್ತಿದ್ದವನೊಬ್ಬ ವಿಷಯ ತಿಳಿಸಿದ. ಅಜ್ಜಿ ಒದ್ದೆ ಬಾಗಿಲು ದಾಟುವಾಗ ಜಾರಿ ಕಲ್ಲಿನ ಮೇಲೆ ಬಿದ್ದಳಂತೆ. ಸೊಂಟದ ಮೂಳೆ ಮುರಿದಿದೆಯಂತೆ. ಗ್ಲೆನಿಸ್ ಗಂಡನ ಮುಖ ನೋಡಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ಆಸ್ಪತ್ರೆ ಹುಡುಕಿಕೊಂಡು ಹೋದ. ಅವಳ ಹೆಸರು ಹೆಟ್ಟಿ ಪಾರ್ಗೆಟರ್. ಕಂಡ ಕೂಡಲೇ ಗುರುತು ಹಿಡಿದಳು.

"ಹಸಿರು ದೋಣಿಯವನಲ್ವಾ? ಮುಖ ಯಾಕಪ್ಪಾ ಹಾಗೆ? ನಿನಗಿಂತ ಮುಂಚೆ ನಾಲ್ಕು ಜನ ಆಗಲ್ಲ ಅಂದ್ರು. ನೀನಾದ್ರೂ ಕಾರಣ ಹೇಳ್ದೆ."

ಆ ಕಾರಣ ಸುಳ್ಳೆಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ದಿಂಬಿನಡಿಯಿಂದ ಬೀಗದಕೈ ತೆಗೆದು ಕೊಟ್ಟಳು. ದೋಣಿ ಲಾಕ್‌ಗಳ ನಡುವೆ ನಿಂತರೆ ಬೇರೆಯವರಿಗೆ ತೊಂದರೆ, ಎಲ್ಲಾದರೂ ಒಳ್ಳೆಯ ಕಡೆ ಕಟ್ಟಿಬಿಡು ಎಂದಳು. ಅವನು ಹೂಂ ಎಂದ. ದಂಪತಿಗಳಿಬ್ಬರೂ ಸೇರಿ ಅದನ್ನು ಉಳಿದ ಲಾಕ್‌ಗಳನ್ನು ದಾಟಿಸಿ ಆಸ್ಟನ್ ಬಳಿ ದಂಡೆಗೆ ಕಟ್ಟಿದರು.

ಆಮೇಲೆ ಎರಡು ಸಲ ಹೋದ. ಪ್ರತಿ ಸಲವೂ ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದ. ಅವಳು ಮಾತ್ರ ತನ್ನ ದೋಣಿಯ ಕಿಟಕಿಯಿಂದ ಈಗ ಏನು ಕಾಣುತ್ತೆ, ಬಾತುಕೋಳಿ ಬರುತ್ತವಾ ಎಂದು ಕೇಳುತ್ತಿದ್ದಳು. ಗಂಡ ಸತ್ತ ಮೇಲೆ ಊರೂರು ಅಲೆದದ್ದು, ಲೀಡ್ಸ್‌ನಲ್ಲಿ ಗೋದಾಮಿನ ನೆರಳಿಗೆ ದೋಣಿ ಕಟ್ಟಿ ವಾರವಿಡೀ ಕೂತದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಇನ್ನೊಮ್ಮೆ ದೋಣಿ ಹತ್ತುವಂತಿಲ್ಲವೆಂದು ವೈದ್ಯರು ಹೇಳಿದ್ದನ್ನೂ ಅದೇ ದನಿಯಲ್ಲಿ ಹೇಳಿದಳು. ಕ್ಲಿಫರ್ಡ್ ಮಾತು ನುಂಗಿಕೊಂಡು ಮರಳುತ್ತಿದ್ದ.

ಮುಂದಿನ ಗುರುವಾರ ಹೋದಾಗ ಆ ಹಾಸಿಗೆಯಲ್ಲಿ ಬೇರೊಬ್ಬಳು ಮಲಗಿದ್ದಳು. ಹೆಟ್ಟಿಯನ್ನು ತಂಗಿಯ ಮಗಳು ಬಂದು ಕರೆದೊಯ್ದಳೆಂದು ನರ್ಸ್ ತಿಳಿಸಿದಳು. ವಿಳಾಸ ಕೊಡುವಂತಿರಲಿಲ್ಲ. ಇವನೂ ಎಂದೂ ಕೇಳಿಟ್ಟುಕೊಂಡಿರಲಿಲ್ಲ. ತಂದಿದ್ದ ಬಿಸ್ಕತ್ತಿನ ಡಬ್ಬವನ್ನು ಆ ಹೊಸ ಹೆಂಗಸಿನ ಮೇಜಿನ ಮೇಲಿಟ್ಟು ಹೊರಬಂದ. ಹೆಟ್ಟಿಯ ದೋಣಿಯ ಬೀಗದಕೈ ಇನ್ನೂ ಅವನ ಜೇಬಿನಲ್ಲೇ ಇತ್ತು.