ಕೌದಿಯ ತುತ್ತು

ಸ್ವೆಟರ್ ಮಾರುವವರ ಊರಿಗೆ ಹೊದಿಕೆ ಕಳಿಸುವ ಹುಚ್ಚು ಗೋಕಾಕದಲ್ಲಿ ಗುಲ್ನಾಜಳನ್ನು ಬಿಟ್ಟರೆ ಬೇರೆ ಯಾರಿಗೂ ಹಿಡಿಯುತ್ತಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಬಸ್‌ಸ್ಟ್ಯಾಂಡಿನ ಬಳಿ ಸ್ವೆಟರ್ ಅಂಗಡಿ ಹಾಕುವ ನೇಪಾಳದ ದಿಲ್‌ಮಾಯಾ, ಎದುರಿನ ಗುಲ್ನಾಜಳ ಹೊಲಿಗೆ ಅಂಗಡಿಗೆ ಗುಂಡಿ ಹಚ್ಚಿಸಲು ಬರುತ್ತಿದ್ದಳು. ಹಾಗೆ ಬಂದವಳು ಒಂದು ದಿನ ತನ್ನೂರಿನ ಶಾಲೆಯ ಮಾತು ತೆಗೆದಳು. ಬೆಟ್ಟದ ಮೇಲಿನ ಊರು. ದೂರದೂರದ ಹುಡುಗಿಯರು ಶಾಲೆಯ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಹಿಮ ಬಿತ್ತೆಂದರೆ ಹೊದೆಯಲು ಸಾಲದೆ ಹಾಸ್ಟೆಲಿಗೆ ಬೀಗ. ಊರಿಗೆ ಹೋದ ಹತ್ತನೆಯ ತರಗತಿಯ ಹುಡುಗಿಯರಲ್ಲಿ ಎಷ್ಟೋ ಜನ ಪರೀಕ್ಷೆಗೆ ಮರಳುವುದೇ ಇಲ್ಲ. ಅಷ್ಟರಲ್ಲಿ ಮದುವೆ ಮುಗಿದಿರುತ್ತದೆ.

"ಅಲ್ಲಾ, ನಿಮ್ಮ ಕಡೆ ರಾಶಿ ರಾಶಿ ಸ್ವೆಟರ್ ಇರ್ತಾವಲ್ಲ?" ಎಂದಳು ಗುಲ್ನಾಜ.

"ಮಾರಾಕ ಇರ್ತಾವ ದೀದಿ, ಹಾಕ್ಕೊಳ್ಳಾಕ ಅಲ್ಲ," ಎಂದು ದಿಲ್‌ಮಾಯಾ ನಕ್ಕಳು. ಅವಳ ಕನ್ನಡವೆಲ್ಲ ಗೋಕಾಕದ ಸಂತೆಯಲ್ಲೇ ಕಲಿತದ್ದು.

ಆ ನಗು ಗುಲ್ನಾಜಳಿಗೆ ಚುಚ್ಚಿತು. ಅವಳೂ ಹತ್ತನೆಯ ಪರೀಕ್ಷೆಗೆ ಕೂರದೆಯೇ ಮದುವೆಯ ಚಪ್ಪರದಲ್ಲಿ ಕೂತವಳು. ಹೀಗೆ ಶುರುವಾಯಿತು ಕೌದಿ ಬಳಗ. ಹುಕ್ಕೇರಿಯ ನೇತ್ರಾ ಮನೆಮನೆ ತಿರುಗಿ ಹಳೆ ಸೀರೆ ಕೂಡಿಸುವಳು. ಮೂಡಲಗಿ ಕಡೆಯ ತುಕ್ಕಾನಟ್ಟಿಯಲ್ಲಿ ಪಾರವ್ವ ತನ್ನ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಕೌದಿ ಹೊಲಿಯುವಳು. ಗುಲ್ನಾಜ ಗಂಟು ಕಟ್ಟಿ ನೇಪಾಳಕ್ಕೆ ಸಾಗಿಸುವಳು. "ನಮ್ಮೂರ ಹುಡುಗ್ರಿಗೆ ಚಳಿ ಇಲ್ಲೇನು?" ಎಂದು ಕೇಳಿದವರಿಗೆ, "ಅವರಿಗೂ ಹೊಲಿಯೂಣು, ನೀವೊಂದು ಸೀರಿ ಕೊಡ್ರಿ" ಎನ್ನುವಳು. ಕೇಳಿದವರಿಗೆ ಅಷ್ಟು ಹೊತ್ತಿಗೆ ಏನೋ ಕೆಲಸ ನೆನಪಾಗುತ್ತಿತ್ತು.

ಮೊದಲ ವರ್ಷದ ಗಂಟು ಗಡಿಯಾಚೆಯ ಒಂದು ಗೋದಾಮಿನಲ್ಲಿ ವಾರಗಟ್ಟಲೆ ಬಿದ್ದಿತ್ತು. ಶಾಲೆ ಮುಟ್ಟಿದಾಗ ಪ್ರತಿಯೊಂದು ಕೌದಿಯನ್ನೂ ಇಲಿ ಕಡಿದಿತ್ತು, ಅದೂ ಒಂದೇ ಮೂಲೆಯಲ್ಲಿ. ಇದೆಂಥ ಇಲಿಯಪ್ಪಾ ಎಂದು ಅಲ್ಲಿಯವರು ತಲೆ ಕೆಡಿಸಿಕೊಂಡರು. ಗುಲ್ನಾಜ ಮಾತ್ರ ಹಣೆ ಚಚ್ಚಿಕೊಂಡಳು. ಪಾರವ್ವನ ಮನೆತನದಲ್ಲಿ ಕೌದಿಯನ್ನು ಉಪವಾಸ ಕಳಿಸುವ ಪದ್ಧತಿಯಿಲ್ಲ. ಕೊನೆಯ ಮೂಲೆ ಮುಚ್ಚುವ ಮುನ್ನ ಒಂದು ತುತ್ತು ಹೋಳಿಗೆ ಒಳಗಿಟ್ಟೇ ಹೊಲಿಯುತ್ತಾರೆ. ಮನೆಯ ಕೌದಿಯಾದರೆ ನಡೆದೀತು. ಗೋದಾಮಿನ ಇಲಿಗಳಿಗೆ ಅದು ಹಬ್ಬದೂಟ.

ಈ ವರ್ಷ ಶಾಲೆಯ ದೊಡ್ಡ ಟೀಚರು ಫೋನಿನಲ್ಲಿ ಹೇಳಿದ್ದನ್ನು ದಿಲ್‌ಮಾಯಾ ತಲೆ ತಗ್ಗಿಸಿ ತಿಳಿಸಿದಳು. ಹರಕು ಹೊದಿಕೆಗಳನ್ನು ಕಂಡು ಕಮಿಟಿಯವರು ಬೇಸರಗೊಂಡಿದ್ದಾರೆ. ಈ ಸಲ ಚೊಕ್ಕ ಹೊದಿಕೆ ಬಂದರೆ ಚಳಿಗಾಲದಲ್ಲೂ ಹಾಸ್ಟೆಲು ನಡೆಸುತ್ತಾರೆ. ಇಲ್ಲದಿದ್ದರೆ ಮತ್ತೆ ಬೀಗ.

ಗುಲ್ನಾಜ ತುಕ್ಕಾನಟ್ಟಿಗೆ ಹೋದಳು. ಪಾರವ್ವನಿಗೆ ಇಲಿಯ ಸುದ್ದಿ ಹೇಳಲು ಬಾಯಿ ಬರಲಿಲ್ಲ. ಮನಸ್ಸಿಟ್ಟು ಹೊಲಿಯುವ ಹಿರಿಜೀವ, ನೊಂದುಕೊಂಡಾಳು. "ಆಯಿ, ದೂರದ ಹಾದಿ ಐತ್ರಿ. ಈ ಸಲ ತುತ್ತು ಇಡೂದು ಬಿಡೂಣೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಹಸದ ಕೌದಿ ಹೊಚ್ಚಗೊಂಡ್ರ ಆ ಹುಡುಗೇರಿಗೆ ನಿದ್ದಿ ಹೆಂಗ ಹತ್ತತೈತವಾ?" ಎಂದಳು ಪಾರವ್ವ. "ಒಂದು ತುತ್ತು ಹೋಳಿಗಿಗೆ ನಿನ್ನ ಬಳಗ ಮುಳಗತೈತೇನು?"

ಮುಳುಗುವುದು ಅದರಿಂದಲೇ ಎಂದು ಹೇಳಲಾಗದೆ ಗುಲ್ನಾಜ ಚಹಾ ಕುಡಿದು ಎದ್ದು ಬಂದಳು.

ಕೌದಿಗಳು ಬಂದವು, ಹೊಟ್ಟೆ ತುಂಬಿಸಿಕೊಂಡೇ ಬಂದವು. ಒಂದು ಮಧ್ಯಾಹ್ನ ಗುಲ್ನಾಜ ಅಂಗಡಿಯ ಬಾಗಿಲು ಅರ್ಧ ಮುಂದೆ ಮಾಡಿ, ಮೊದಲ ಕೌದಿಯ ಮೂಲೆ ಬಿಚ್ಚಿದಳು. ಒಣಗಿದ ಹೋಳಿಗೆಯ ಚೂರು ಅಂಗೈಗೆ ಬಿತ್ತು. ಬೆಲ್ಲದ ವಾಸನೆ ಇನ್ನೂ ಇತ್ತು. ಯಾರದೋ ತಟ್ಟೆಯಿಂದ ತುತ್ತು ಕಸಿದಂತೆ ಅವಳಿಗೆ ಸಂಕಟವಾಯಿತು. ಆದರೂ ಎರಡನೆಯದಕ್ಕೆ ಕತ್ತರಿ ಹಾಕಿದಳು.

"ಏನ್ ಮಾಡಾಕತ್ತೀ?"

ಬಾಗಿಲಲ್ಲಿ ಪಾರವ್ವ ನಿಂತಿದ್ದಳು. ಕಂಕುಳಲ್ಲಿ ಹೊಸ ಕೌದಿ. ಹೆಚ್ಚಿಗೆ ಒಂದು ಆಯಿತೆಂದು ಬಸ್ಸು ಹತ್ತಿ ತಾನೇ ತಂದಿದ್ದಳು.

ಗುಲ್ನಾಜ ಕತ್ತರಿ ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗೋದಾಮು, ಇಲಿ, ಕಮಿಟಿ ಎಲ್ಲವನ್ನೂ ಅಳುತ್ತಲೇ ಹೇಳಿದಳು. ಪಾರವ್ವ ಕೆಳಗೆ ಕೂತು, ಬಿಚ್ಚಿದ ಮೂಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸವರಿದಳು.

"ಹರಕ ಕೌದಿ ಹೊಚ್ಚಗೊಂಡು ಮಲಗ್ಯಾವೇನ ಆ ಕೂಸುಗೋಳು? ಮೊದಲ ಹೇಳಿದ್ರ ನಾ ಏನ್ ನಿನ್ನ ಹೊಡೀತಿದ್ನ್ಯಾ?"

ಹೊಡೆಯುತ್ತಿದ್ದಳೇನೋ. ಪಾರವ್ವನ ಕೈಯ ಬಗ್ಗೆ ತುಕ್ಕಾನಟ್ಟಿಯಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಆಗ ಅವಳ ಕಣ್ಣುಗಳೂ ತುಂಬಿದ್ದವು. ಸೆರಗಿನಿಂದ ಮುಖ ಒರೆಸಿಕೊಂಡು, "ಆ ಸ್ವೆಟರಿನಾಕಿನ್ನ ಕರಿ," ಎಂದಳು.

ದಿಲ್‌ಮಾಯಾ ಓಡಿ ಬಂದಳು.

"ನಿಮ್ಮ ಕಡೆ ಏನ್ ಉಣ್ತೀರಿ?"

"ಫಾಪರ್ ರೊಟ್ಟಿ ಆಯಿ. ಕರ್ರಗ ಇರ್ತೈತಿ, ಸ್ವಲ್ಪ ಕಹಿ."

"ಕಹಿ ಇರ್ಲಿ. ಆ ಹುಡುಗೇರ ಕೌದಿ ಆ ಹುಡುಗೇರ ಅನ್ನನ ಉಣ್ಲಿ," ಎಂದಳು ಪಾರವ್ವ. "ನಾವು ಹೊಲದು ಕಳಿಸೂಣು. ತುತ್ತು ಅವ್ರ ಇಡ್ಲಿ. ಕತ್ತರಿ ಕೊಡಿಲ್ಲೆ, ಬಿಚ್ಚೂದು ನಿನಗ ಬರೂದಿಲ್ಲ, ಅರಿವಿ ಹರೀತಿ."

ಸಂಜೆಯೊಳಗೆ ಎಲ್ಲ ಮೂಲೆಗಳೂ ತೆರೆದವು. ಹೋಳಿಗೆಯ ಚೂರುಗಳೆಲ್ಲ ಬೀದಿಯ ಆಕಳಿಗೆ ಹೋದವು. ತೆರೆದ ಪ್ರತಿ ಮೂಲೆಗೂ ಕೆಂಪು ದಾರ ಪೋಣಿಸಿದ ಸೂಜಿಯೊಂದನ್ನು ಪಾರವ್ವ ಚುಚ್ಚಿಟ್ಟಳು. ಮುಚ್ಚುವುದು ಹೇಗೆಂದು ಅವಳು ಹೊಲಿದು ತೋರಿಸಿದ್ದನ್ನು ಗುಲ್ನಾಜ ಮೊಬೈಲಿನಲ್ಲಿ ಹಿಡಿದು ಶಾಲೆಗೆ ಕಳಿಸಿದಳು.

ಗಂಟು ಹೋದ ಮೇಲೆ ಬಹಳ ದಿನ ಸುದ್ದಿಯಿಲ್ಲ. ಗುಲ್ನಾಜಳಿಗೆ ಊಟ ರುಚಿಸಲಿಲ್ಲ, ಅಂಗಡಿಯಲ್ಲಿ ಯಾರದೋ ಜಂಪರಿಗೆ ಇನ್ಯಾರದೋ ತೋಳು ಹಚ್ಚಿದಳು. ಕಡೆಗೊಂದು ಬೆಳಿಗ್ಗೆ ದಿಲ್‌ಮಾಯಾಳ ಮೊಬೈಲಿಗೆ ಊರಿನ ವಿಡಿಯೋ ಕರೆ ಬರುವುದೆಂದು ತಿಳಿದಾಗ, ಪಾರವ್ವನನ್ನೂ ಕರೆಸಿದಳು.

ಪರದೆಯಲ್ಲಿ ಬೆಳ್ಳಗಿನ ಅಂಗಳ ಕಂಡಿತು. ದೊಡ್ಡ ಟೀಚರು ನಗುತ್ತ, ಗಂಟು ಚೊಕ್ಕವಾಗಿ ಬಂತು, ಹಿಮ ಬಿದ್ದರೂ ಹಾಸ್ಟೆಲು ನಡೆದಿದೆ, ಹತ್ತನೆಯವರು ಒಬ್ಬರೂ ಊರಿಗೆ ಹೋಗಿಲ್ಲ ಎಂದರು. ಇಲಿ ಬಂದೀತೆಂದು ಬೆಕ್ಕೂ ಸಾಕಿದ್ದಾರಂತೆ. ದಿಲ್‌ಮಾಯಾ ಅದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಗುಲ್ನಾಜಳ ಎದೆಯ ಭಾರ ಇಳಿಯಿತು. ಇಷ್ಟು ಸಂತೋಷ ಅವಳಿಗೆ ತನ್ನ ಅಂಗಡಿ ತೆರೆದ ದಿನವೂ ಆಗಿರಲಿಲ್ಲ.

ಒಬ್ಬ ಹುಡುಗಿ ಕೌದಿ ಹೊದ್ದುಕೊಂಡು ಮುಂದೆ ಬಂದಳು. ಪಾರವ್ವ ಮೊಬೈಲಿಗೆ ಬಾಯಿ ಹತ್ತಿಸಿ, ಬೆಟ್ಟದಾಚೆಗೆ ಕೇಳಬೇಕೆಂಬಂತೆ ಕೂಗಿದಳು: "ಉಣಿಸಿದಿ ಏನವಾ?"

ಹುಡುಗಿ ಕೆಂಪು ದಾರದಿಂದ ಮುಚ್ಚಿದ ಮೂಲೆಯನ್ನು ಎತ್ತಿ ಹಿಡಿದಳು. ದಿಲ್‌ಮಾಯಾ ಮೊದಲೇ ಬಾಯಿಪಾಠ ಮಾಡಿಸಿದ್ದನ್ನು ತಡವರಿಸುತ್ತ ಹೇಳಿದಳು: "ಕೌದಿ ಉಂಡೈತ್ರಿ, ಆಯಿ."

ಪಾರವ್ವ ಪರದೆಗೆ ಕಣ್ಣು ಹತ್ತಿಸಿ ಆ ಮೂಲೆಯನ್ನು ನೋಡಿದಳು. ಆಮೇಲೆ ಗುಲ್ನಾಜಳ ಕಡೆ ತಿರುಗಿ, "ಹೊಲಿಗಿ ಸೊಟ್ಟ ಹಾಕ್ಯಾಳ," ಎಂದಳು. "ಇರ್ಲಿ, ಈಗ ಏನೂ ಅನಬ್ಯಾಡ. ಮೊದಲ ಪರೀಕ್ಷಾ ಬರೀಲಿ."