ಕೊನೆಯ ಪಂಕ್ತಿಯ ಬಕೆಟ್ಟು

ನಾನು ಒಂದು ಸಾರಿನ ಬಕೆಟ್ಟು. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ನಾನು ಹುಟ್ಟಿದಾಗ ಆದ ಠಣ್ ಸದ್ದಿಗೆ ಗದಗಿನ ನಾಯಿಗಳೆಲ್ಲ ಎದ್ದು ಕೂತವು. ಸುಳ್ಳೆನಿಸಿದರೆ ಆ ನಾಯಿಗಳನ್ನೇ ಕೇಳಿ.

ನನ್ನನ್ನು ಕೊಂಡವರು ಹೊಸಮನಿ ಮಾಸ್ತರರು. ಧಾರವಾಡದ ಹೊರಗೆ, ಹುಣಸೆ ತೋಪಿನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಿದ್ದರು. ನಾಯಕತ್ವ ಕಲಿಸಲು ಅವರಿಗೆ ಭಾಷಣ ಬೇಕಿರಲಿಲ್ಲ, ನಾನು ಸಾಕಿದ್ದೆ. ನಾಯಕನಾದವನು ನನ್ನನ್ನು ಹೊತ್ತು ಎಲ್ಲ ಪಂಕ್ತಿಗೂ ಬಡಿಸಬೇಕು. ಆಮೇಲೆ ನನ್ನ ತಳದಲ್ಲಿ ಉಳಿದದ್ದರಲ್ಲಿ ತಾನು ಉಣ್ಣಬೇಕು. "ತಮ್ಮಾ, ಬಕೀಟಿನ ತಳಾ ಕಂಡಾಂವನ ಲೀಡರ್ ನೋಡು," ಎನ್ನುತ್ತಿದ್ದರು. ಹೀಗೆ ಅರ್ಧ ಜಿಲ್ಲೆಯನ್ನು ಮನುಷ್ಯರನ್ನಾಗಿ ಮಾಡಿದವನು ನಾನು. ಮಾಸ್ತರರೂ ಸ್ವಲ್ಪ ಕೈಜೋಡಿಸಿದರೆನ್ನಿ.

ಅವರು ತೀರಿಕೊಂಡ ಮೇಲೆ ಶಿಬಿರ ಅಜಿತ ಸರ್ ಕೈಗೆ ಹೋಯಿತು. ಬಂತು ಮೈಕು, ಬಂತು ಬ್ಯಾಜು! ಬಡಿಸುವುದಕ್ಕೆ ಕೂಲಿಯವರು. ಚೆಂದ ಮಾತಾಡಿದವನೇ ನಾಯಕ. ಸಮರ್ಥ ಎಂಬ ಹುಡುಗ ಸೇವೆಯ ಬಗ್ಗೆ ಭಾಷಣ ಮಾಡಿ ಬ್ಯಾಜು ಗೆದ್ದ. ಗೆದ್ದವನೇ ಅತಿಥಿಗಳ ಜೊತೆ ಮೊದಲ ಪಂಕ್ತಿಗೆ ಕೂತ. ಬೂಟು ಹಾಕಿಕೊಂಡೇ ಪಂಕ್ತಿಯೊಳಗೆ ನಿಂತ ಅಜಿತ ಸರ್ ಅವನಿಗೆ ಮತ್ತೆ ಮತ್ತೆ ಹಾಕಿಸಿದರು. ಅತ್ತ ಚಿಕ್ಕ ಮಕ್ಕಳು ಬರಿ ಅನ್ನ ಮುಂದಿಟ್ಟುಕೊಂಡು ಕಾಯುತ್ತಿದ್ದವು. ನಾನೋ ಖಾಲಿಯಾಗುತ್ತಿದ್ದೆ.

ಭಾಷಣದಲ್ಲಿ ಸೋತಿದ್ದ ಚಂದ್ರವ್ವ ಎದ್ದು ಬಂದಳು. "ಸರ್, ಸಣ್ಣ ಹುಡುಗ್ರಿಗೆ ಸಾರು ಮುಟ್ಟಿಲ್ರಿ."

"ನೀ ಏನ್ ಲೀಡರೇನು? ಸುಮ್ನ ಕುಂಡರು," ಎಂದ ಸಮರ್ಥ. "ಇಲ್ಲೆ ಇನ್ನೊಂದ್ ಸೌಟು ಹಾಕ್ರಿ!"

ನನಗೆ ಬಂದ ಸಿಟ್ಟಿಗೆ ಆರಿದ್ದ ಸಾರು ಮತ್ತೆ ಕುದಿಯಿತು. ಹಿಡಿಕೆಯ ಒಂದು ಕಿವಿಯನ್ನು ನಾನೇ ಕಿತ್ತುಕೊಂಡು ವಾಲಿದೆ. ಅಜಿತ ಸರ್ ಬಿಳಿ ಬೂಟಿನ ಮೇಲೆ ಒಂದು ಕೆರೆಯಷ್ಟು ಸಾರು! ಹೋಗಲಿ, ಒಂದು ಸೌಟು.

"ಒಗೀರಿ ಹೊರಗ ಈ ದರಿದ್ರ ಬಕೀಟನ್ನ!" ಎಂದು ಕಿರುಚಿದರು ಅಜಿತ ಸರ್.

ಒಗೆಯುವ ಮೊದಲೇ ಚಂದ್ರವ್ವ ನನ್ನನ್ನು ತನ್ನ ಹೆಗಲ ಮೇಲಿನ ಓಡ್ನಿಯಲ್ಲಿ ಸುತ್ತಿ ಎದೆಗವಚಿಕೊಂಡು ಓಡಿದಳು. ಕೊನೆಯ ಮಗುವಿನ ತನಕ ಬಡಿಸಿದಳು. ಆಮೇಲೆ ಒಳಗೆ ಇಣುಕಿ ನಕ್ಕಳು: "ಅಯ್ಯ, ನನಗ ಒಂದ ನುಗ್ಗಿಕಾಯಿ ಉಳದೈತಿ!" ಮಾಸ್ತರರ ಆ ತಳದ ಮಾತನ್ನು ಆಕೆ ಎಂದೂ ಕೇಳಿಯೇ ಇರಲಿಲ್ಲ. ಸಂಜೆ ಅವಳ ಎದೆಗೆ ಬ್ಯಾಜೇನೂ ಬೀಳಲಿಲ್ಲ. ತಾಗಿದ್ದು ನನ್ನ ಬಿಸಿಯೊಂದೇ.

ಈಗ ನಾನು ಉಗ್ರಾಣದ ಮೂಲೆಯಲ್ಲಿದ್ದೇನೆ, ಕಿವಿ ಮುರಿದ ಮುದುಕ. ನನ್ನೊಳಗೆ ಮುಂದಿನ ಶಿಬಿರದ 'ನಾಯಕ' ಬ್ಯಾಜುಗಳನ್ನು ತುಂಬಿಟ್ಟಿದ್ದಾರೆ. ಇಲಿ ಓಡಾಡಿದರೆ ಗಲಗಲ ಎನ್ನುತ್ತವೆ. ಥೂ! ಊರಿನ ಹೊಟ್ಟೆ ತುಂಬಿಸಿದ ನಾನು, ಇಷ್ಟೊಂದು ತುಂಬಿಕೊಂಡೂ ಹಸಿದು ಕೂತಿದ್ದೇನೆ.